ಹೆದರಿದ ನಾಯಿ, ಜಟೆಗಟ್ಟಿದ ಕೂದಲು: ಮೊದಲು ಏನು, ಆಮೇಲೆ ಏನು

ರಸ್ತೆಬದಿಯಲ್ಲಿ ಸಿಕ್ಕ ಲಾಸಾ, ಬಾಡಿಗೆ ಮನೆ ಖಾಲಿ ಮಾಡಿದವರು ಬಿಟ್ಟುಹೋದ ಶಿಟ್ಜು, ಯಾರದೋ ಗೇಟಿಗೆ ಕಟ್ಟಿಹಾಕಿದ್ದ ಪೊಮೆರೇನಿಯನ್. ಇಂಥ ನಾಯಿಯನ್ನು ಮನೆಗೆ ಕರೆತಂದವರಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ಸ್ನಾನ. ಕೆಲಸ ಕೆಡುವುದೂ ಅಲ್ಲೇ. ಜಟೆಗಟ್ಟಿದ ಕೂದಲು ನೆನೆದು ಒಣಗಿದರೆ ಗಂಟು ಇನ್ನಷ್ಟು ಬಿಗಿದು ಕಂಬಳಿಯ ತುಂಡಿನಂತಾಗುತ್ತದೆ. ಒಳಗಿನ ತೇವ ಬೇಗ ಆರುವುದಿಲ್ಲ, ಮಳೆಗಾಲದಲ್ಲಂತೂ ಆರುವುದೇ ಇಲ್ಲ. ಅದರಡಿಯಲ್ಲಿ ಚರ್ಮ ಮೆತ್ತಗಾಗಿ ಹುಣ್ಣಾಗುತ್ತದೆ. ಮರುದಿನ ಬ್ರಷ್ ಹಿಡಿದು ಎಳೆದರೆ ನಾಯಿ ಕಿರುಚಿ ಕಚ್ಚುತ್ತದೆ. ಅದರ ಮರುದಿನ ಕತ್ತರಿ ಹೊರಬರುತ್ತದೆ. ಅಷ್ಟಾದ ಮೇಲೆ ನನಗೆ ಫೋನ್ ಬರುತ್ತದೆ: "ಇದು ಮುಟ್ಟಿಸ್ಕೊಳ್ಳೋದೇ ಇಲ್ಲ, ಏನ್ ಮಾಡ್ಲಿ?"

ಇಂಥ ನಾಯಿಗಳನ್ನು ಸ್ವಲ್ಪ ದಿನದ ಮಟ್ಟಿಗೆ ಮನೆಯಲ್ಲಿಟ್ಟುಕೊಂಡು ಸುಧಾರಿಸಿ ಕೊಡುವ ಕೆಲಸ ನನ್ನದು. ಎಲ್ಲಿ ತಪ್ಪುತ್ತಿದೆ ಎಂದು ನೋಡಿದಾಗಲೆಲ್ಲ ಕಂಡದ್ದು ಒಂದೇ. ಅವರು ಮಾಡಿದ ಕೆಲಸ ಸರಿಯೇ ಇರುತ್ತದೆ, ಮಾಡಿದ ಕ್ರಮ ತಲೆಕೆಳಗಾಗಿರುತ್ತದೆ. ಹಾಗಾಗಿ ಇಲ್ಲಿ ಕ್ರಮಕ್ಕೇ ಹೆಚ್ಚು ಒತ್ತು ಕೊಟ್ಟಿದ್ದೇನೆ.

ಹಂತ 1: ಕೈ ಹಾಕುವ ಮೊದಲು ನೋಡಿ, ಮೂಸಿ

ಮೊದಲ ದಿನ ಯಾವ ಉಪಕರಣವೂ ಬೇಡ. ನಾಯಿ ತಿನ್ನುವಾಗ, ಮಲಗಿದಾಗ, ನಡೆಯುವಾಗ ಸ್ವಲ್ಪ ದೂರದಿಂದ ಗಮನಿಸಿ. ಕೆಳಗಿನವುಗಳಲ್ಲಿ ಒಂದು ಕಂಡರೂ ಮನೆಯಲ್ಲಿ ಕೆಲಸ ಶುರು ಮಾಡಬೇಡಿ, ನೇರ ಪಶುವೈದ್ಯರ ಹತ್ತಿರ ಹೋಗಿ:

- ಜಟೆಯಿಂದ ಕೊಳೆತ ವಾಸನೆ ಬರುವುದು, ಒಂದು ಕಡೆ ಸದಾ ಒದ್ದೆಯಾಗಿರುವುದು, ನೊಣ ಅಲ್ಲಿಗೇ ಮುತ್ತುವುದು. ನಮ್ಮ ಹವೆಯಲ್ಲಿ ಇದರರ್ಥ ಬಹುಮಟ್ಟಿಗೆ ಗಾಯಕ್ಕೆ ಹುಳ ಬಿದ್ದಿದೆ ಎಂದೇ.
- ಒಂದು ಜಾಗ ಮುಟ್ಟಲು ಹೋದರೆ ತಿರುಗಿಬಿದ್ದು ಕಚ್ಚಲು ಬರುವುದು, ಅಥವಾ ಒಂದು ಕಾಲು ಊರದೇ ನಡೆಯುವುದು.
- ಒಸಡು ಬಿಳಿಚಿಕೊಂಡು, ಮೈತುಂಬ ಉಣ್ಣಿ, ಊಟ ಬೇಡ ಎನ್ನುವ ಸ್ಥಿತಿ. ಇದು ಉಣ್ಣಿ ಜ್ವರ ಇರಬಹುದು. ಕೂದಲಿನ ಕೆಲಸ ಆಮೇಲೆ.
- ಬಾಲದಡಿ ಮಲ ಮೆತ್ತಿ ಗಟ್ಟಿಯಾಗಿ, ನಾಯಿ ತಿಣುಕುತ್ತಿದ್ದರೂ ಹೊರಗೆ ಬಾರದಿರುವುದು. ಮಲದ್ವಾರವೇ ಮುಚ್ಚಿಹೋಗಿರುತ್ತದೆ. ಇದು ನಾಳೆಗೆ ತಳ್ಳುವ ಕೆಲಸವಲ್ಲ.
- ಕೊರಳ ಸುತ್ತ ಗಂಟಿನೊಳಗೆ ಹಳೆಯ ಬೆಲ್ಟ್ ಅಥವಾ ಹಗ್ಗ ಹೂತಿರುವುದು. ಕೆಲವೊಮ್ಮೆ ಅದು ಚರ್ಮದೊಳಗೇ ಇಳಿದಿರುತ್ತದೆ.

ರೇಬೀಸ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಬೀದಿಯಿಂದ ಬಂದ ನಾಯಿಗೆ ಲಸಿಕೆ ಆಗಿದೆ ಎಂದು ಅಂದಾಜಿನ ಮೇಲೆ ನಂಬಬೇಡಿ. ಕಚ್ಚಿದರೆ, ಹಲ್ಲು ತರಚಿದರೂ ಸಹ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. "ಸಣ್ಣದು, ರಕ್ತ ಬಂದಿಲ್ಲ" ಎಂದು ಅರಿಶಿನ ಹಚ್ಚಿ ಸುಮ್ಮನಾಗುವವರನ್ನು ನೋಡಿದರೆ ನನಗೆ ಈಗಲೂ ಎದೆ ನಡುಗುತ್ತದೆ. ನಾಯಿಗಳ ಒಡನಾಟ ಪದೇ ಪದೇ ಇರುವವರು ಮುಂಜಾಗ್ರತೆಯ ಲಸಿಕೆಯ ಬಗ್ಗೆ ವೈದ್ಯರನ್ನು ಈಗಲೇ ಕೇಳಿ.

ಹಂತ 2: ಬಿಡಿಸುವುದೋ ಬೋಳಿಸುವುದೋ, ಮೊದಲೇ ತೀರ್ಮಾನಿಸಿ

ಈ ತೀರ್ಮಾನ ಮುಂದೂಡಿದಷ್ಟೂ ನಾಯಿಗೆ ನೋವು. ಮೂರು ದಿನ ಎಳೆದಾಡಿ, ಕೊನೆಗೆ ಆಗದೆಂದು ಬೋಳಿಸಿದರೆ ಕೂದಲೂ ಉಳಿಯಲಿಲ್ಲ, ನಂಬಿಕೆಯೂ ಉಳಿಯಲಿಲ್ಲ.

ಪರೀಕ್ಷೆ ಸುಲಭ. ಗಂಟಿನ ಪಕ್ಕದಿಂದ ಬೆರಳ ತುದಿಯನ್ನು ಚರ್ಮ ಮತ್ತು ಗಂಟಿನ ನಡುವೆ ತೂರಿಸಲು ನೋಡಿ. ಬೆರಳು ಹೋಗಿ, ಬುಡದಲ್ಲಿ ಬಿಡಿ ಕೂದಲು ಸಿಕ್ಕರೆ ಅದನ್ನು ಬಿಡಿಸಬಹುದು. ಬೆರಳು ಹೋಗದೆ, ಗಂಟು ಅಲುಗಾಡಿಸಿದಾಗ ಚರ್ಮವೂ ಜೊತೆಗೇ ಅಲುಗಾಡಿದರೆ ಬೋಳಿಸುವುದೇ ದಾರಿ. ಅಂಥ ಗಂಟುಗಳು ಒಂದಕ್ಕೊಂದು ಕೂಡಿಕೊಂಡು ಹಾಳೆಯಂತಾಗಿದ್ದರೆ ಯೋಚನೆಯೇ ಬೇಡ.

ಲಾಸಾ, ಶಿಟ್ಜುಗಳಿಗೆ ಕೂದಲು ಮತ್ತೆ ಬೆಳೆಯುತ್ತದೆ. ಪೊಮೆರೇನಿಯನ್, ಸ್ಪಿಟ್ಜ್, ಗೋಲ್ಡನ್ ರಿಟ್ರೀವರ್‌ಗಳದ್ದು ಎರಡು ಪದರದ ಕೂದಲು. ಪೂರ್ತಿ ಬೋಳಿಸಿದರೆ ಕೆಲವಕ್ಕೆ ಮೊದಲಿನಂತೆ ಬಾರದೆ ತೇಪೆ ತೇಪೆಯಾಗಿ ಉಳಿಯುವುದುಂಟು. ಆದ್ದರಿಂದ ಅವುಗಳಿಗೆ ಗಂಟಿರುವ ಜಾಗ ಮಾತ್ರ ತೆಗೆದು ಉಳಿದದ್ದನ್ನು ಬಾಚಿ ಉಳಿಸಲು ನೋಡಿ. ಆದರೆ ಚರ್ಮಕ್ಕೇ ಅಂಟಿದ ಜಟೆಯನ್ನು ಅಂದಕ್ಕಾಗಿ ಉಳಿಸಬೇಡಿ.

ಇನ್ನೊಂದು ಮಾತು. ನಾಯಿ ವಿಪರೀತ ಹೆದರಿದೆ, ಜಟೆ ಮೈತುಂಬ ಇದೆ ಎಂದಾದರೆ ವೈದ್ಯರಿಂದ ಮತ್ತಿನ ಔಷಧಿ ಕೊಡಿಸಿ ಒಂದೇ ಸಲಕ್ಕೆ ತೆಗೆಸುವುದು ಸೋಲಲ್ಲ. ಜಟೆ ಪ್ರತಿ ಹೆಜ್ಜೆಗೂ ಚರ್ಮವನ್ನು ಜಗ್ಗುತ್ತಿರುತ್ತದೆ. ನಾಯಿ ನಮ್ಮನ್ನು ನಂಬುವವರೆಗೆ ಕಾಯೋಣ ಎಂದು ತಿಂಗಳುಗಟ್ಟಲೆ ಆ ನೋವಿನಲ್ಲಿ ಬಿಡುವುದು ದಯೆಯಲ್ಲ. ಅಂಥದ್ದಕ್ಕೆ ಮೊದಲು ನೋವು ನೀಗಲಿ, ಪರಿಚಯ ಬೋಳು ಮೈಯಿಂದಲೇ ಶುರುವಾಗಲಿ. ಆದರೆ ಮತ್ತಿನ ಔಷಧಿಯನ್ನು ವೈದ್ಯರೇ ನಾಯಿಯ ತೂಕ, ಹೃದಯ ನೋಡಿ ಕೊಡಬೇಕು. ಮನೆಯಲ್ಲಿರುವ ನಿದ್ದೆ ಮಾತ್ರೆ, ನೋವಿನ ಮಾತ್ರೆ ಯಾವುದನ್ನೂ ಕೊಡಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೇನ್ ನಾಯಿಗೆ ವಿಷವಾಗುತ್ತವೆ.

ಬೇಕಾದ ಸಾಮಾನು

- ಸ್ಟೀಲ್ ಬಾಚಣಿಗೆ: ಒಂದು ಕಡೆ ಅಗಲ ಹಲ್ಲು, ಇನ್ನೊಂದು ಕಡೆ ಒತ್ತು ಹಲ್ಲು ಇರುವಂಥದ್ದು.
- ಸ್ಲಿಕರ್ ಬ್ರಷ್: ಸಣ್ಣ ಬಾಗಿದ ತಂತಿಗಳದ್ದು. ಕೊಳ್ಳುವ ಮುನ್ನ ನಿಮ್ಮ ಮುಂಗೈ ಒಳಭಾಗಕ್ಕೆ ಎಳೆದು ನೋಡಿ. ನಿಮಗೆ ಗೀರಿದರೆ ನಾಯಿಗೂ ಗೀರುತ್ತದೆ.
- ಪ್ರಾಣಿಗಳಿಗೆಂದೇ ಇರುವ ಕ್ಲಿಪ್ಪರ್, 10ನೇ ನಂಬರಿನ ಬ್ಲೇಡು. ಇದು ಸುಮಾರು 1.5 ಮಿಲಿಮೀಟರ್ ಕೂದಲು ಉಳಿಸುತ್ತದೆ. ಜಟೆಯಡಿಗೆ ಹೋಗಲು ಇದಕ್ಕಿಂತ ಸುರಕ್ಷಿತವಾದದ್ದಿಲ್ಲ. ಗಡ್ಡದ ಟ್ರಿಮ್ಮರ್ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡು ಕೂದಲನ್ನು ಕೀಳುತ್ತದೆ.
- ಕಾರ್ನ್‌ಫ್ಲೋರ್, ಅಡುಗೆಮನೆಯದ್ದೇ ಸಾಕು. ಒಣ ಗಂಟಿಗೆ ಉದುರಿಸಿದರೆ ಎಳೆಗಳು ಜಾರುತ್ತವೆ.
- ಜಾರದಂಥ ಹಾಸು: ರಬ್ಬರ್ ಮ್ಯಾಟ್ ಅಥವಾ ಮಡಿಸಿದ ಗೋಣಿಚೀಲ.
- ಬುಟ್ಟಿಯಂಥ ಬಾಯಿಬುಟ್ಟಿ, ಅಂದರೆ ಕಚ್ಚದಂತೆ ಮೂತಿಗೆ ತೊಡಿಸುವ ಮಜಲ್. ಹಾಕಿದಾಗಲೂ ನಾಯಿ ಏದುಸಿರು ಬಿಡಲು, ತಿನ್ನಲು ಆಗಬೇಕು. ಬಾಯಿಯನ್ನು ಬಟ್ಟೆಯಿಂದ ಬಿಗಿಯಾಗಿ ಕಟ್ಟಬೇಡಿ.
- ಉಪ್ಪು ಖಾರವಿಲ್ಲದೆ ಬೇಯಿಸಿದ ಕೋಳಿ, ಗಟ್ಟಿ ಮೊಸರು. ಸಸ್ಯಾಹಾರಿ ಮನೆಯಾದರೆ ಪನೀರಿನ ಚೂರು.

ಪಟ್ಟಿಯಲ್ಲಿ ಕತ್ತರಿ ಇಲ್ಲದ್ದನ್ನು ಗಮನಿಸಿ. ಸೀಮೆಎಣ್ಣೆ, ಫಿನಾಯಿಲ್, ಟರ್ಪೆಂಟೈನ್ ಕೂಡ ಇಲ್ಲ. ಉಣ್ಣಿಗೆ ಇವನ್ನು ಬಳಿಯುವ ಅಭ್ಯಾಸ ಊರುಗಳಲ್ಲಿ ಇನ್ನೂ ಇದೆ. ಚರ್ಮ ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ.

ಹಂತ 3: ಕೈಯ ಪರಿಚಯ, ಆಮೇಲೆ ಸಾಮಾನಿನ ಪರಿಚಯ

ವೈದ್ಯರ ತುರ್ತು ಇಲ್ಲದ ನಾಯಿಗೆ ನಾಲ್ಕೈದು ದಿನ ಇದಕ್ಕೇ ಕೊಡಿ. ದೀಪಾವಳಿಯ ಪಟಾಕಿ, ಮನೆಯಲ್ಲಿ ನೆಂಟರ ಗದ್ದಲ ಇರುವ ವಾರ ಶುರು ಮಾಡಬೇಡಿ.

ನಾಯಿಯ ಎದುರು ನಿಂತು ಮೇಲಿಂದ ಬಾಗಬೇಡಿ. ನೆಲದಲ್ಲಿ ಪಕ್ಕಕ್ಕೆ ಕೂತು, ಅದೇ ಹತ್ತಿರ ಬರುವವರೆಗೆ ಕಾಯಿರಿ. ಭುಜದ ಮೇಲೆ ಎರಡು ಸೆಕೆಂಡ್ ಕೈ ಇಟ್ಟು ತೆಗೆಯಿರಿ, ಕೂಡಲೇ ಒಂದು ಚೂರು ಕೋಳಿ ಕೊಡಿ. ಮುಟ್ಟಿದ ಮೇಲೆ ತಿಂಡಿ. ಇದು ಹಿಂದುಮುಂದಾದರೆ, ಅಂದರೆ ತಿಂಡಿ ತೋರಿಸಿ ಕರೆದು ಮುಟ್ಟಿದರೆ, ತಿಂಡಿ ಕಂಡರೇ ಹೆದರುವುದನ್ನು ಅದು ಕಲಿಯುತ್ತದೆ. ಭುಜ ಒಪ್ಪಿದ ಮೇಲೆ ಬೆನ್ನು, ಎದೆ, ಆಮೇಲೆ ಕಾಲು. ಕಿವಿ, ಪಾದ, ಬಾಲ ಕಡೆಗೆ.

ಕ್ಲಿಪ್ಪರ್‌ನ ಸದ್ದು ಇನ್ನೊಂದು ಕೋಣೆಯಿಂದ ಶುರುವಾಗಲಿ. ಅದು ಊಟ ಮಾಡುತ್ತಿರುವಾಗ ಒಳಕೋಣೆಯಲ್ಲಿ ಒಬ್ಬರು ಆನ್ ಮಾಡಿ, ಊಟ ಮುಗಿಯುವ ಮೊದಲೇ ಆಫ್ ಮಾಡಲಿ. ದಿನಕ್ಕೊಂದಿಷ್ಟು ಹತ್ತಿರ ತನ್ನಿ. ಕೊನೆಗೆ ಕ್ಲಿಪ್ಪರ್‌ನ ಬೆನ್ನುಭಾಗವನ್ನು, ಬ್ಲೇಡಿನ ಕಡೆಯಲ್ಲ, ಭುಜಕ್ಕೆ ತಾಗಿಸಿ ಅದುರು ಏನೆಂದು ತಿಳಿಸಿ. ಬಾಯಿಬುಟ್ಟಿಯೂ ಹೀಗೆಯೇ. ಒಳಗೆ ಮೊಸರು ಸವರಿ ಹಿಡಿದುಕೊಳ್ಳಿ, ಅದೇ ಮೂತಿ ತೂರಿಸಲಿ. ಪಟ್ಟಿ ಕಟ್ಟುವುದು ಎರಡು ಮೂರು ದಿನ ಆದ ಮೇಲೆ.

ನಾಯಿ ಕೊಡುವ ಸೂಚನೆಗಳು

ಗುರ್ ಎನ್ನುವುದಕ್ಕಿಂತ ಬಹಳ ಮೊದಲೇ ನಾಯಿ ಹೇಳಿರುತ್ತದೆ. ತುಟಿ ನೆಕ್ಕುವುದು, ನಿದ್ದೆ ಇಲ್ಲದೆ ಆಕಳಿಸುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಬಾಲ ಹೊಟ್ಟೆಯಡಿಗೆ ಎಳೆದುಕೊಳ್ಳುವುದು. ಇವು ಕಂಡರೆ ಕೈ ತೆಗೆದು ಅರ್ಧ ನಿಮಿಷ ಬಿಡುವು ಕೊಡಿ.

ಮೈಸೂರಿನ ರಿಂಗ್ ರೋಡ್ ಪಕ್ಕ ಸಿಕ್ಕ ಲಾಸಾ ಪುಟ್ಟಿಯಿಂದ ನಾನು ಕಲಿತದ್ದು ಇನ್ನೂ ಸೂಕ್ಷ್ಮ. ತಟ್ಟೆಯಲ್ಲಿ ಕೋಳಿ ಇಟ್ಟು ಬೆನ್ನು ಬಾಚುತ್ತಿದ್ದೆ. ತಿನ್ನುತ್ತಲೇ ಇದ್ದಳು. ಕೈ ಎಡಗಿವಿಯ ಕಡೆ ಸರಿದ ಕೂಡಲೇ ದವಡೆ ನಿಂತಿತು. ಚೂರು ಬಾಯಲ್ಲೇ ಇತ್ತು, ಅಗಿಯಲಿಲ್ಲ, ಉಗುಳಲಿಲ್ಲ, ಉಸಿರೂ ಬಿಗಿಹಿಡಿದಿದ್ದಳು. ಮಿಸುಕಲಿಲ್ಲವಲ್ಲ, ಒಪ್ಪಿದ್ದಾಳೆ ಎಂದುಕೊಂಡು ನಾನು ಮುಂದುವರಿಸಿದೆ. ಮರುಕ್ಷಣ ಹಲ್ಲು ನನ್ನ ಮಣಿಕಟ್ಟಿನಲ್ಲಿತ್ತು. ಕಲ್ಲಿನಂತೆ ಸ್ತಬ್ಧವಾಗುವುದು ಒಪ್ಪಿಗೆಯಲ್ಲ, ಅದೇ ಕೊನೆಯ ಎಚ್ಚರಿಕೆ.

ಗುರ್ ಎಂದಾಗ ಗದರಬೇಡಿ, ಹೊಡೆಯಬೇಡಿ. ಗುರ್ ಎನ್ನುವುದನ್ನು ಬಿಡಿಸಿದರೆ ಮುಂದಿನ ಸಲ ಸೂಚನೆ ಇಲ್ಲದೆ ಕಚ್ಚುತ್ತದೆ. ಲಾಸಾ, ಶಿಟ್ಜುಗಳಂಥ ಚಿಕ್ಕ ಮೂತಿಯವಕ್ಕೆ ಉಸಿರಾಟ ಬೇಗ ಕಷ್ಟವಾಗುತ್ತದೆ. ನಾಲಿಗೆ ನೀಲಿಗಟ್ಟಿದರೆ ಎಲ್ಲ ಬಿಟ್ಟು ಗಾಳಿಗೆ, ತಂಪಿಗೆ ಕರೆದುಕೊಂಡು ಹೋಗಿ, ವೈದ್ಯರಿಗೆ ಫೋನ್ ಮಾಡಿ. ಇವುಗಳ ಕತ್ತಿನ ಹಿಂಭಾಗದ ಚರ್ಮವನ್ನು ಹಿಡಿದು ಜಗ್ಗಬಾರದು. ಉಬ್ಬುಗಣ್ಣಿನ ನಾಯಿಗಳಲ್ಲಿ ಕಣ್ಣುಗುಡ್ಡೆಯೇ ಹೊರಬಂದುಬಿಡುವ ಅಪಾಯವಿದೆ.

ಹಂತ 4: ಬಿಡಿಸಬಹುದಾದ ಸಿಕ್ಕು ಬಿಡಿಸುವುದು

ಕೂದಲು ಒಣಗಿರಲಿ. ಒಂದು ಕೂತಿಗೆ ಐದರಿಂದ ಹತ್ತು ನಿಮಿಷ, ದಿನಕ್ಕೆ ಎರಡು ಸಲ. ನಾಯಿ ಇನ್ನೂ ಆರಾಮವಾಗಿರುವಾಗಲೇ ನಿಲ್ಲಿಸಿ.

1. ಒಂದೇ ಗಂಟು ಆರಿಸಿ, ಕಾರ್ನ್‌ಫ್ಲೋರ್ ಉದುರಿಸಿ ಬೆರಳಲ್ಲಿ ಒಳಗೆ ಇಳಿಸಿ.

2. ಗಂಟಿನ ಬುಡವನ್ನು ಚರ್ಮಕ್ಕೆ ಹತ್ತಿರ ಎಡಗೈಯಲ್ಲಿ ಹಿಡಿದುಕೊಳ್ಳಿ. ಮಗುವಿನ ಸಿಕ್ಕು ಬಾಚುವಾಗ ತಲೆಗೆ ನೋವಾಗದಂತೆ ಬುಡ ಹಿಡಿಯುತ್ತೇವಲ್ಲ, ಹಾಗೆ. ಎಳೆತವೆಲ್ಲ ನಿಮ್ಮ ಬೆರಳಿಗೆ ಬೀಳಬೇಕು.

3. ಬೆರಳುಗಳಿಂದ ಗಂಟನ್ನು ಎರಡು, ನಾಲ್ಕು ಭಾಗವಾಗಿ ಸೀಳಿ. ಹತ್ತಿ ಬಿಡಿಸಿದಂತೆ ನಿಧಾನಕ್ಕೆ.

4. ಬಾಚಣಿಗೆಯ ಅಗಲ ಹಲ್ಲಿನಿಂದ ತುದಿ ಮೊದಲು ಬಿಡಿಸಿ, ಸ್ವಲ್ಪ ಸ್ವಲ್ಪವೇ ಬುಡದತ್ತ ಬನ್ನಿ. ಬುಡದಿಂದ ಎಳೆದರೆ ಎಲ್ಲ ಸಿಕ್ಕೂ ತುದಿಯಲ್ಲಿ ಸೇರಿ ಇನ್ನೂ ದೊಡ್ಡ ಗಂಟಾಗುತ್ತದೆ.

5. ಆಮೇಲೆ ಸ್ಲಿಕರ್, ಕೊನೆಗೆ ಒತ್ತು ಹಲ್ಲಿನ ಬಾಚಣಿಗೆ ಚರ್ಮದವರೆಗೆ ಸಲೀಸಾಗಿ ಓಡಬೇಕು. ಬ್ರಷ್ ಮೇಲ್ಮೈ ಮಾತ್ರ ನಯಗೊಳಿಸಿ ಮೋಸ ಮಾಡುತ್ತದೆ. ಬಾಚಣಿಗೆ ಸುಳ್ಳು ಹೇಳುವುದಿಲ್ಲ.

ಹೊಲ, ಖಾಲಿ ಸೈಟು ಸುತ್ತಿ ಬಂದ ನಾಯಿಯ ಗಂಟಿನ ನಡುವೆ ಬಹಳ ಸಲ ಉತ್ತರಾಣಿ ಬೀಜಗಳಿರುತ್ತವೆ. ಅಂಥಲ್ಲಿ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟು ಬೀಜವನ್ನು ಒಂದೊಂದಾಗಿ ತೆಗೆದರೆ ಗಂಟು ತಾನೇ ಸಡಿಲವಾಗುತ್ತದೆ. ಮೈಗೆಲ್ಲ ಎಣ್ಣೆ ಸುರಿಯಬೇಡಿ. ಧೂಳು ಹಿಡಿದು ಮೇಣದಂತಾಗುತ್ತದೆ, ನೆಕ್ಕಿ ಭೇದಿಯಾಗುತ್ತದೆ.

ಒಂದೇ ಗಂಟಿಗೆ ಎರಡು ಕೂತು ಕಳೆದರೂ ಬಿಡದಿದ್ದರೆ ಅದನ್ನು ಕ್ಲಿಪ್ಪರ್ ಪಟ್ಟಿಗೆ ಸೇರಿಸಿ.

ಹಂತ 5: ಕ್ಲಿಪ್ಪರ್ ಹಿಡಿಯುವುದು

ಕತ್ತರಿ ಯಾಕೆ ಬೇಡ ಎಂದು ಹೇಳಬೇಕಾದ್ದು ಇಲ್ಲಿ. ಗಂಟನ್ನು ಎತ್ತಿ ಹಿಡಿದಾಗ ಅದರ ಜೊತೆ ಚರ್ಮವೂ ಡೇರೆಯಂತೆ ಮೇಲೆದ್ದು ಬರುತ್ತದೆ. ಕೂದಲ ಒಳಗೆ ಅದು ಕಾಣುವುದಿಲ್ಲ. ಕತ್ತರಿ ಕೂದಲನ್ನೇ ಕತ್ತರಿಸುತ್ತಿದೆ ಎಂದು ನೀವು ತಿಳಿದಿರುತ್ತೀರಿ. ಪುಟ್ಟಿಗಿಂತ ಮೊದಲು ಬಂದ ಒಂದು ನಾಯಿಗೆ ಕಿವಿಯ ಹಿಂದೆ ನಾನೇ ಹೀಗೆ ಚರ್ಮ ಕತ್ತರಿಸಿಬಿಟ್ಟೆ. ಎರಡು ಹೊಲಿಗೆ ಬಿತ್ತು. ಹೊಲಿಗೆ ವಾಸಿಯಾದ ಮೇಲೂ ಅದು ಮೂರು ವಾರ ಆ ಕಡೆ ನನ್ನ ಕೈ ಬರಲು ಬಿಡಲಿಲ್ಲ.

ಇಬ್ಬರಿದ್ದರೆ ಒಳ್ಳೆಯದು. ಒಬ್ಬರು ಮೊಸರು ಸವರಿದ ತಟ್ಟೆ ಹಿಡಿದು ನಾಯಿಯ ಮುಖ ನೋಡುತ್ತಿರಲಿ, ಇನ್ನೊಬ್ಬರು ಕ್ಲಿಪ್ಪರ್ ಹಿಡಿಯಲಿ. ಮುಖ ನೋಡುವವರು "ಸಾಕು" ಎಂದರೆ ಕ್ಲಿಪ್ಪರ್ ನಿಲ್ಲಬೇಕು, ವಾದವಿಲ್ಲ.

1. ಬೆನ್ನಿನಿಂದ ಅಥವಾ ಭುಜದಿಂದ ಆರಂಭಿಸಿ. ಅಲ್ಲಿ ಚರ್ಮ ಸಪಾಟಾಗಿದೆ, ನಾಯಿಗೂ ಅಷ್ಟು ಭಯವಿಲ್ಲ.

2. ಎಡಗೈಯಿಂದ ಚರ್ಮವನ್ನು ಹಿಂದಕ್ಕೆ ಎಳೆದು ಬಿಗಿ ಮಾಡಿ. ಗಂಟನ್ನು ಎತ್ತಬೇಡಿ.

3. ಗಂಟಿನ ಅಂಚಿನಲ್ಲಿ ಬಿಡಿ ಕೂದಲಿರುವ ಜಾಗದಿಂದ ಬ್ಲೇಡನ್ನು ಚರ್ಮಕ್ಕೆ ಸಮನಾಗಿ ಮಲಗಿಸಿ, ಕೂದಲು ಮಲಗುವ ದಿಕ್ಕಿಗೇ ನಿಧಾನವಾಗಿ ತಳ್ಳಿ. ಬ್ಲೇಡಿನ ಮೂತಿ ಚರ್ಮದ ಕಡೆ ಬಾಗಿದರೆ ಕಚ್ಚಿಕೊಳ್ಳುತ್ತದೆ.

4. ಮುಂದೆ ಹೋಗದಿದ್ದರೆ ಒತ್ತಬೇಡಿ. ಹಿಂದೆ ತೆಗೆದು ಬ್ಲೇಡಿನ ಕೂದಲು ಕೊಡವಿ, ಒಂದು ಹನಿ ಕ್ಲಿಪ್ಪರ್ ಎಣ್ಣೆ ಹಾಕಿ, ಪಕ್ಕದಿಂದ ಮತ್ತೆ ಬನ್ನಿ.

5. ಎರಡು ಮೂರು ನಿಮಿಷಕ್ಕೊಮ್ಮೆ ಬ್ಲೇಡನ್ನು ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ನೋಡಿ. ಬಿಸಿ ಎನಿಸಿದರೆ ಆರಲು ಬಿಡಿ. ಕ್ಲಿಪ್ಪರ್ ಗಾಯಗಳೆಂದು ತೋರಿಸಲು ತರುವ ಎಷ್ಟೋ ಕೆಂಪು ಪಟ್ಟೆಗಳು ಸುಟ್ಟ ಗುರುತುಗಳೇ ಆಗಿರುತ್ತವೆ.

ಕೈ ಕುದುರಿದರೆ ಜಟೆ ಕುರಿಯ ಉಣ್ಣೆಯಂತೆ ಒಂದೇ ಹಾಳೆಯಾಗಿ ಬಿಟ್ಟುಕೊಳ್ಳುತ್ತದೆ. ಅರ್ಧ ಮೈ ಆಗಿ ನಾಯಿ ದಣಿದರೆ ಅಲ್ಲಿಗೇ ಬಿಡಿ. ಅರ್ಧ ಬೋಳಾದ ನಾಯಿಯನ್ನು ನೋಡಿ ಅಕ್ಕಪಕ್ಕದವರು ಏನೆಂದರೂ ಪರವಾಗಿಲ್ಲ, ಉಳಿದದ್ದು ನಾಳೆ.

ಹಂತ 6: ತೆಳು ಚರ್ಮದ ಜಾಗಗಳು

ಬೆನ್ನಿನ ಧೈರ್ಯವನ್ನು ಇಲ್ಲಿ ತೋರಿಸಬೇಡಿ. ಕಂಕುಳು ಮತ್ತು ಹಿಂಗಾಲು ಹೊಟ್ಟೆಗೆ ಸೇರುವ ಕಡೆ ಚರ್ಮ ಕಾಗದದಂತೆ ತೆಳ್ಳಗೆ ಮಡಿಚಿಕೊಂಡಿರುತ್ತದೆ, ಬ್ಲೇಡಿಗೆ ಸುಲಭವಾಗಿ ಸಿಗುತ್ತದೆ. ಮಡಿಕೆ ಬಿಚ್ಚಿ ಹಿಡಿದ ಮೇಲಷ್ಟೇ ಕ್ಲಿಪ್ಪರ್ ಇಡಿ. ಕಾಲನ್ನು ಪಕ್ಕಕ್ಕೆ ಎತ್ತಬೇಡಿ, ನಡೆಯುವಾಗ ಹೋಗುವಂತೆ ಹಿಂದೆ ಮುಂದೆ ಮಾತ್ರ. ಹೊಟ್ಟೆಯಲ್ಲಿ ಮೊಲೆತೊಟ್ಟುಗಳನ್ನು ಬೆರಳಿಂದ ಮುಚ್ಚಿಕೊಳ್ಳಿ, ಗಂಡಿಗೂ ಇರುತ್ತವೆ.

ಕಿವಿಯಲ್ಲಿ ಗಂಟು ಎಲ್ಲಿ ಮುಗಿಯಿತು, ಕಿವಿಯ ಅಂಚು ಎಲ್ಲಿ ಶುರುವಾಯಿತು ಎಂದು ಬೆರಳಿಂದ ತಡವಿ ಖಾತ್ರಿ ಮಾಡಿಕೊಳ್ಳಿ. ಕ್ಲಿಪ್ಪರ್ ಕಿವಿಯ ಮಧ್ಯದಿಂದ ಅಂಚಿನ ಕಡೆಗೆ ಹೋಗಲಿ, ಅಂಚಿನಿಂದ ಒಳಕ್ಕೆ ಬೇಡ. ತಿಳಿಯದಿದ್ದರೆ ಆ ಕಿವಿಯನ್ನು ವೈದ್ಯರಿಗೆ ಬಿಡಿ. ನಾನೂ ಎಷ್ಟೋ ಸಲ ಬಿಟ್ಟಿದ್ದೇನೆ.

ಪಾದದಡಿ ಬೆರಳ ಸಂದಿನ ಗಂಟಿನಲ್ಲಿ ನೆಗ್ಗಿಲ ಮುಳ್ಳು, ಡಾಂಬರು, ಉಣ್ಣಿ ಇರುತ್ತವೆ. ದಿನಕ್ಕೊಂದು ಪಾದ ಸಾಕು.

ಹಂತ 7: ಈಗ ಸ್ನಾನ

ಬಾಚಣಿಗೆ ಎಲ್ಲೂ ತಡೆಯದೆ ಹೋಗುವಂತಾದ ಮೇಲೆ ನೀರು. ಉಗುರು ಬೆಚ್ಚಗಿರಲಿ. ಬಚ್ಚಲಲ್ಲಿ ರಬ್ಬರ್ ಮ್ಯಾಟ್ ಹಾಕಿ, ಬಕೆಟ್ ಮೊದಲೇ ತುಂಬಿಸಿಟ್ಟು ನಲ್ಲಿ ನಿಲ್ಲಿಸಿ, ಆ ಸದ್ದಿಗೇ ಎಷ್ಟೋ ನಾಯಿಗಳು ನಡುಗುತ್ತವೆ. ಮಗ್ಗನ್ನು ಮೈಗೆ ತಾಗಿಸಿಕೊಂಡೇ ಭುಜದಿಂದ ಹಿಂದಕ್ಕೆ ನೀರು ಬಿಡಿ, ಎತ್ತರದಿಂದ ಸುರಿಯಬೇಡಿ. ಮುಖಕ್ಕೆ ಒದ್ದೆ ಬಟ್ಟೆ ಸಾಕು. ನಾಯಿಗೆಂದೇ ಇರುವ ಶಾಂಪೂ ಬಳಸಿ, ನೊರೆ ಹೋದ ಮೇಲೂ ಇನ್ನೆರಡು ಸಲ ತೊಳೆಯಿರಿ.

ಟವೆಲಿನಿಂದ ಗಸಗಸ ಉಜ್ಜಿದರೆ ಹೊಸ ಸಿಕ್ಕು ಅಲ್ಲೇ ಹುಟ್ಟುತ್ತದೆ, ಆದ್ದರಿಂದ ಒತ್ತಿ ಒತ್ತಿ ನೀರು ತೆಗೆಯಿರಿ. ಫ್ಯಾನಿನಡಿ ಬಾಚುತ್ತಾ ಬುಡದವರೆಗೆ ಆರಿಸಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇದನ್ನು ಬಿಟ್ಟರೆ ಬೂಸ್ಟು, ತುರಿಕೆ ಖಂಡಿತ. ಬೆನ್ನಿಗೆ ಹಾಕುವ ಉಣ್ಣಿ ಔಷಧಿ ತಂದಿದ್ದರೆ ಸ್ನಾನಕ್ಕೂ ಅದಕ್ಕೂ ಕನಿಷ್ಠ ಎರಡು ದಿನದ ಅಂತರ ಇರಲಿ.

ಹಂತ 8: ಬೋಳಾದ ನಂತರದ ದಿನಗಳು

ಎಷ್ಟೋ ದಿನ ಗಾಳಿ ಕಾಣದ ಚರ್ಮ ಕೆಂಪಗೆ, ಸೂಕ್ಷ್ಮವಾಗಿರುತ್ತದೆ. ನಾಯಿ ತನ್ನ ಮೈ ತಾನೇ ನೋಡಿಕೊಳ್ಳುವುದು, ಮೂಲೆ ಸೇರುವುದು ಒಂದೆರಡು ದಿನ ಸಹಜ. ಹಳೆಯ ಸಡಿಲ ಕಾಟನ್ ಬನಿಯನ್ ತೊಡಿಸಿ, ಮಧ್ಯಾಹ್ನದ ಬಿಸಿಲಿಗೆ ಕರೆದೊಯ್ಯಬೇಡಿ. ನಮ್ಮ ಕ್ರೀಮು, ಮುಲಾಮು ಹಚ್ಚಬೇಡಿ, ನೆಕ್ಕುತ್ತದೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಅಪಾಯ ಕಿವಿಯದ್ದು. ಭಾರದ ಜಟೆ ಹೋದ ಕೂಡಲೇ ನಾಯಿ ಹಗುರಾದ ಕಿವಿಯನ್ನು ಪಟಪಟ ಒದರುತ್ತದೆ. ಒದರಿ ಒದರಿ ಒಳಗಿನ ರಕ್ತನಾಳ ಒಡೆದು ಕಿವಿ ಪೂರಿಯಂತೆ ಊದಿಕೊಳ್ಳಬಹುದು. ಒದರುವುದು ಕಂಡರೆ ಕಾಲುಚೀಲದ ತುದಿ ಕತ್ತರಿಸಿ, ಉಸಿರಿಗೆ ತೊಂದರೆಯಾಗದಂತೆ ಸಡಿಲವಾಗಿ ತಲೆಗೆ ತೊಡಿಸಿ ಕಿವಿಗಳನ್ನು ತಲೆಗೊರಗಿಸಿ. ಕಿವಿ ಊದಿದರೆ, ಅಂಚಿನಿಂದ ರಕ್ತ ಜಿನುಗಿದರೆ ಅದೇ ದಿನ ವೈದ್ಯರ ಹತ್ತಿರ ಹೋಗಿ.

ಒಂದು ವಾರ ಬಿಟ್ಟು ಬಾಚಣಿಗೆ ಮತ್ತೆ ಕೈಗೆ ಬರಲಿ, ಕೂದಲು ಇಲ್ಲದಿದ್ದರೂ. ನೋವಾಗದ ಬಾಚಣಿಗೆಯ ಪರಿಚಯ ಆಗಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಕೂದಲು ಬೆಳೆದಂತೆ ದಿನಾ ಐದು ನಿಮಿಷ ಉಜ್ಜಾಟವಿರುವ ಜಾಗ ನೋಡಿ: ಕಿವಿಯ ಹಿಂದೆ, ಕೊರಳ ಬೆಲ್ಟಿನಡಿ, ಕಂಕುಳು, ತೊಡೆಯ ಹಿಂಭಾಗ, ಬಾಲದ ಬುಡ. ಮನೆಯೊಳಗಿರುವಾಗ ಹಾರ್ನೆಸ್ ಬಿಚ್ಚಿಡಿ. ಲಾಸಾ, ಶಿಟ್ಜುಗಳಿಗೆ ಆರರಿಂದ ಎಂಟು ವಾರಕ್ಕೊಮ್ಮೆ ಕೂದಲು ಗಿಡ್ಡ ಮಾಡಿಸಿದರೆ ಸಾಕು. ಪುಟ್ಟಿ ಈಗ ಬಾಚಣಿಗೆಯ ಡಬ್ಬಿ ತೆರೆದ ಸದ್ದು ಕೇಳಿದರೆ ಗೋಣಿಚೀಲದ ಮೇಲೆ ಬಂದು ಕೂರುತ್ತಾಳೆ. ಎಡಗಿವಿಯ ಸರದಿ ಬಂದಾಗ ಮಾತ್ರ ಇವತ್ತಿಗೂ ನಾನು ಮೊದಲು ಅವಳ ದವಡೆ ನೋಡುತ್ತೇನೆ.